ಘನಫಲದ ಪಾಠಕ್ಕೆ ಹೊಲದ ದಾರಿ ಗೊತ್ತೇ?

ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿಯನ್ನು ಕರೆದು ಈ ಲೆಕ್ಕ ಕೊಡಿ: ಅರ್ಧಗೋಳದ ಮೇಲೆ ಶಂಕು ಕೂಡಿಸಿದ ಆಟಿಕೆಯ ಒಟ್ಟು ಮೇಲ್ಮೈ ವಿಸ್ತೀರ್ಣ ಎಷ್ಟು? ಐದು ನಿಮಿಷದಲ್ಲಿ ಉತ್ತರ ಬರುತ್ತದೆ. ಅದೇ ವಿದ್ಯಾರ್ಥಿಯನ್ನು ಇಂಡಿಯಲ್ಲೋ ಸಿಂದಗಿಯಲ್ಲೋ ಅವನದೇ ಹೊಲದ ಕೃಷಿ ಹೊಂಡದ ದಂಡೆಗೆ ಕರೆದುಕೊಂಡು ಹೋಗಿ, "ಇದರಲ್ಲಿ ಎಷ್ಟು ಲೀಟರ್ ನೀರು ಹಿಡಿಯುತ್ತದೆ? ಹಾಸಲು ಎಷ್ಟು ಪ್ಲಾಸ್ಟಿಕ್ ಹಾಳೆ ತರಬೇಕು?" ಎಂದು ಕೇಳಿ. ಉದ್ದ, ಅಗಲ, ಆಳ ಗುಣಿಸಿ ಒಂದು ಸಂಖ್ಯೆ ಹೇಳುತ್ತಾನೆ. ಆ ಸಂಖ್ಯೆ ನಿಜಕ್ಕಿಂತ ಮೂರನೆಯ ಒಂದರಷ್ಟು ಹೆಚ್ಚಿರುತ್ತದೆ.

ತಪ್ಪು ಹುಡುಗನದಲ್ಲ. ನಮ್ಮ ಗಣಿತದ ಪುಸ್ತಕಗಳಲ್ಲಿ 'ಮೇಲ್ಮೈ ವಿಸ್ತೀರ್ಣ ಮತ್ತು ಘನಫಲ' ಎಂಬ ಅಧ್ಯಾಯ ದೈನಂದಿನ ಬದುಕಿಗೆ ತೀರ ಹತ್ತಿರದ್ದೆಂದು ಹೆಸರು ಪಡೆದಿದೆ. ಬುಗುರಿ, ಗುಲಾಬ್‌ಜಾಮೂನು, ಡೇರೆ, ಔಷಧದ ಕ್ಯಾಪ್ಸೂಲು ಎಲ್ಲ ಅದರಲ್ಲಿ ಬರುತ್ತವೆ. ಆದರೆ ವಸ್ತುವಿನ ಹೆಸರು ಬಂದ ಮಾತ್ರಕ್ಕೆ ಬದುಕು ಬಂದಂತಾಯಿತೇ? ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಣ, ಹೊಂಡ, ಹಗೇವು, ಕಾಲುವೆಗಳನ್ನು ಮುಂದಿಟ್ಟುಕೊಂಡು ಈ ಅಧ್ಯಾಯವನ್ನು ಪರಿಶೀಲಿಸೋಣ. ನಿಮ್ಮ ಕೈಯಲ್ಲಿ ಪೆನ್ನು, ಕಾಗದ ಇರಲಿ.

ಪುಸ್ತಕದ ಗುಣ

ಮೊದಲು ಒಳ್ಳೆಯದನ್ನು ಹೇಳಬೇಕು. ಎನ್‌ಸಿಇಆರ್‌ಟಿ ರಚಿಸಿ, ನಮ್ಮ ಶಾಲೆಗಳಲ್ಲಿ ಕನ್ನಡದಲ್ಲಿ ಬಳಕೆಗೆ ಬಂದ ಪುಸ್ತಕದ ಈ ಅಧ್ಯಾಯ ಸೂತ್ರಗಳ ಬರೀ ಪಟ್ಟಿಯಲ್ಲ. ಎರಡು ಘನಾಕೃತಿಗಳನ್ನು ಜೋಡಿಸಿದಾಗ ಘನಫಲಗಳು ಕೂಡುತ್ತವೆ, ಮೇಲ್ಮೈ ವಿಸ್ತೀರ್ಣಗಳು ಹಾಗೆಯೇ ಕೂಡುವುದಿಲ್ಲ, ಏಕೆಂದರೆ ಅಂಟಿಕೊಂಡ ಮುಖಗಳು ಮರೆಯಾಗುತ್ತವೆ ಎಂಬ ಮುಖ್ಯ ವಿಚಾರವನ್ನು ಅದು ಚೆನ್ನಾಗಿ ಮನದಟ್ಟು ಮಾಡಿಸುತ್ತದೆ. ಜಾಮೂನಿನ ಲೆಕ್ಕದಲ್ಲಿ ಪಾಕ ಘನಫಲದ ಶೇಕಡಾ 30ರಷ್ಟು ಎಂದು ಅಂದಾಜು ಹಿಡಿಯುವುದೂ ಸರಿಯಾದ ರೂಢಿಯೇ.

ಕೊರತೆ ಬೇರೆ ಕಡೆ ಇದೆ. ಪುಸ್ತಕದ ಪ್ರತಿ ಲೆಕ್ಕದಲ್ಲೂ ಆಕೃತಿ ಯಾವುದೆಂದು ಮೊದಲೇ ಹೇಳಿರುತ್ತದೆ. ಅಳತೆಗಳನ್ನೂ ಕೊಟ್ಟಿರುತ್ತದೆ. ಯಾವ ಮೇಲ್ಮೈ ಬೇಕು ಎಂಬುದೂ ತಿಳಿದಿರುತ್ತದೆ. ಹೊಲದಲ್ಲಿ ಈ ಮೂರೂ ಸಿಗುವುದಿಲ್ಲ. ಆಕೃತಿಯನ್ನು ನೀವೇ ಗುರುತಿಸಬೇಕು, ಅಳೆಯಲು ಆಗುವುದನ್ನು ಮಾತ್ರ ಅಳೆಯಬೇಕು, ಯಾವ ಮೇಲ್ಮೈಗೆ ದುಡ್ಡು ಖರ್ಚಾಗುತ್ತದೆ ಎಂದು ತೀರ್ಮಾನಿಸಬೇಕು. ಇವನ್ನು ಕಲಿಸದ ಪಾಠ ಗುಣಾಕಾರದ ಪಾಠವಾಗಿಯೇ ಉಳಿಯುತ್ತದೆ.

ಕಣದಲ್ಲಿ ಒಂದು ಶಂಕು

ಒಂಬತ್ತನೆಯ ತರಗತಿಯ ಪುಸ್ತಕದಲ್ಲಿ ಗೋಧಿಯ ರಾಶಿಯ ಲೆಕ್ಕವೊಂದಿದೆ. ರಾಶಿಯ ವ್ಯಾಸ 10.5 ಮೀಟರ್, ಎತ್ತರ 3 ಮೀಟರ್. ಅದರ ಘನಫಲವೆಷ್ಟು, ಮಳೆಯಿಂದ ರಕ್ಷಿಸಲು ಎಷ್ಟು ಕ್ಯಾನ್ವಾಸ್ ಬೇಕು ಎಂಬುದು ಪ್ರಶ್ನೆ. ಉತ್ತರ: 86.625 ಘನ ಮೀಟರ್, ಸುಮಾರು 99.8 ಚದರ ಮೀಟರ್. ಲೆಕ್ಕ ಅಲ್ಲಿಗೆ ಮುಗಿಯುತ್ತದೆ.

ಇದನ್ನು ಅಲ್ಲಿಗೇ ಬಿಡುವುದು ದೊಡ್ಡ ನಷ್ಟ. ಮೊದಲ ಪ್ರಶ್ನೆ: ಇದು ಎಷ್ಟು ಚೀಲ? ಒಂದು ಘನ ಮೀಟರ್ ಗೋಧಿ ಸುಮಾರು 750 ಕಿಲೋ ತೂಗುತ್ತದೆ ಎಂದು ಹಿಡಿದರೆ ಈ ರಾಶಿ 65 ಟನ್, ಅಂದರೆ 650 ಕ್ವಿಂಟಲ್. ಒಬ್ಬ ಒಣಬೇಸಾಯದ ರೈತನ ಕಣದ ರಾಶಿಯಲ್ಲ ಇದು, ದೊಡ್ಡ ಮಾರುಕಟ್ಟೆಯ ಅಂಗಳದ್ದು. ಉತ್ತರವನ್ನು ಚೀಲಕ್ಕೆ ಇಳಿಸಿದೊಡನೆ ವಿದ್ಯಾರ್ಥಿಗೆ ಸಂಖ್ಯೆಯ ಗಾತ್ರ ಕಣ್ಣಿಗೆ ಕಟ್ಟುತ್ತದೆ.

ಎರಡನೆಯ ಪ್ರಶ್ನೆ: 100 ಚದರ ಮೀಟರಿನ ತಾಡಪತ್ರಿ ತಂದರೆ ರಾಶಿ ಮುಚ್ಚುತ್ತದೆಯೇ? ಮುಚ್ಚುವುದಿಲ್ಲ. ತಾಡಪತ್ರಿ ಆಯತಾಕಾರದ್ದು, ಶಂಕುವಿನ ಮೈ ಬಿಡಿಸಿದರೆ ವೃತ್ತಖಂಡ. ರಾಶಿಯ ತುದಿಯಿಂದ ಬುಡದವರೆಗೆ ಓರೆ ಎತ್ತರ 6.05 ಮೀಟರ್. ಕತ್ತರಿಸದೆ, ಹೊಲಿಯದೆ ಒಂದೇ ಹಾಳೆಯಿಂದ ಎಲ್ಲ ಕಡೆಯೂ ಬುಡ ಮುಟ್ಟಬೇಕಾದರೆ ಬದಿ 12.1 ಮೀಟರ್ ಇರುವ ಚೌಕವೇ ಬೇಕು. ಅದರ ವಿಸ್ತೀರ್ಣ ಸುಮಾರು 146 ಚದರ ಮೀಟರ್. ಪುಸ್ತಕದ ಉತ್ತರಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು! ಹೆಚ್ಚಾದದ್ದು ಮಡಿಕೆಗಳಲ್ಲಿ, ಮೂಲೆಗಳಲ್ಲಿ ಹೋಗುತ್ತದೆ. ಸೂತ್ರ ತಪ್ಪಲ್ಲ, ಅದು ಉತ್ತರಿಸಿದ ಪ್ರಶ್ನೆಯೇ ಬೇರೆ.

ಮೂರನೆಯದು ಎಲ್ಲಕ್ಕಿಂತ ಸ್ವಾರಸ್ಯದ್ದು. ಈ ರಾಶಿಯ ಪರಿಧಿ ಎಷ್ಟು? ಪೈ ಬೆಲೆ 22/7 ಎಂದು ಹಿಡಿದರೆ ಸರಿಯಾಗಿ 33 ಮೀಟರ್. ಎತ್ತರ 3 ಮೀಟರ್. ಅಂದರೆ ಎತ್ತರ ಪರಿಧಿಯ 11ನೆಯ ಒಂದು ಭಾಗ. ಈ ಅನುಪಾತವನ್ನು ಭಾಸ್ಕರಾಚಾರ್ಯರು 1150ರ ತಮ್ಮ 'ಲೀಲಾವತಿ'ಯ ರಾಶಿ ವ್ಯವಹಾರದಲ್ಲಿ ಹೇಳಿದ್ದಾರೆ! ಸಣ್ಣ ಕಾಳುಗಳ ರಾಶಿಯ ಎತ್ತರ ಪರಿಧಿಯ 1/11 ಭಾಗ, ದಪ್ಪ ಕಾಳುಗಳದು 1/10, ಮುಳ್ಳು ಇರುವ ಧಾನ್ಯಗಳದು 1/9 ಎಂಬುದು ಅವರ ನಿಯಮ. ಪರಿಧಿಯ ಆರನೆಯ ಒಂದು ಭಾಗವನ್ನು ವರ್ಗಗೊಳಿಸಿ ಎತ್ತರದಿಂದ ಗುಣಿಸಿದರೆ ರಾಶಿಯ ಘನಫಲ.

ಈ ನಿಯಮದಲ್ಲಿ ತ್ರಿಜ್ಯವಿಲ್ಲ ಎಂಬುದನ್ನು ಗಮನಿಸಿ. ಇರುವಂತೆಯೂ ಇಲ್ಲ. ರಾಶಿಯ ನಡುವಿಗೆ ಹೊಕ್ಕು ತ್ರಿಜ್ಯ ಅಳೆಯುವವರು ಯಾರು? ಹಗ್ಗ ಹಿಡಿದು ಒಂದು ಸುತ್ತು ಬಂದರೆ ಪರಿಧಿ ಸಿಗುತ್ತದೆ. ಕಾಳಿನ ಜಾತಿ ಗೊತ್ತಿದ್ದರೆ ಎತ್ತರವೂ ತಾನಾಗಿ ಸಿಗುತ್ತದೆ. ಏಕೆ? ಸುರಿದ ಕಾಳುಗಳು ಒಂದು ನಿರ್ದಿಷ್ಟ ಇಳಿಜಾರಿಗಿಂತ ಕಡಿದಾಗಿ ನಿಲ್ಲಲಾರವು, ಜಾರಿಬಿಡುತ್ತವೆ. ಭಾಸ್ಕರರ ಮೂರು ಅನುಪಾತಗಳನ್ನು ಕೋನಕ್ಕೆ ಬದಲಿಸಿದರೆ ಸುಮಾರು 30, 32 ಮತ್ತು 35 ಡಿಗ್ರಿ ಬರುತ್ತವೆ. ಒರಟಾದ ಕಾಳು ಹೆಚ್ಚು ಕಡಿದಾಗಿ ನಿಲ್ಲುತ್ತದೆ ಎಂಬ ಭೌತವಿಜ್ಞಾನ ಅದರಲ್ಲಿ ಅಡಗಿದೆ.

ಇನ್ನು ನಿಖರತೆ. ಜೋಳದ ರಾಶಿಯೊಂದರ ಪರಿಧಿ 10 ಮೀಟರ್, ಎತ್ತರ 1 ಮೀಟರ್ ಇರಲಿ. ಭಾಸ್ಕರರ ನಿಯಮದಂತೆ 2.78 ಘನ ಮೀಟರ್. ಶಂಕುವಿನ ಸೂತ್ರದಂತೆ 2.65. ನಿಯಮ ಪೈ ಬೆಲೆಯನ್ನು 3 ಎಂದು ಹಿಡಿದಿರುವುದರಿಂದ ಶೇಕಡಾ 5ಕ್ಕೆ ಸ್ವಲ್ಪ ಕಡಿಮೆಯಷ್ಟು ಹೆಚ್ಚು ತೋರಿಸುತ್ತದೆ. ಜೋಳಕ್ಕೂ ಘನ ಮೀಟರಿಗೆ 750 ಕಿಲೋ ಹಿಡಿದರೆ 20 ಚೀಲದ ರಾಶಿಯಲ್ಲಿ ಒಂದು ಚೀಲಕ್ಕೆ ಸ್ವಲ್ಪ ಕಡಿಮೆ. ಕಣದಲ್ಲಿ ನಿಂತು ಅಂದಾಜು ಹೇಳುವವನಿಗೆ ಇದು ಸಾಕು, ಮಾರುವವನಿಗೆ ತಕ್ಕಡಿಯೇ ಬೇಕು. ಯಾವ ಕೆಲಸಕ್ಕೆ ಎಷ್ಟು ನಿಖರತೆ ಬೇಕು ಎಂಬ ವಿವೇಕವೂ ಗಣಿತವೇ. ಭಾಸ್ಕರರ ಹುಟ್ಟೂರು ವಿಜ್ಜಡವಿಡ ಇಂದಿನ ವಿಜಯಪುರವೋ ಮಹಾರಾಷ್ಟ್ರದ ಊರೋ ಎಂಬ ಚರ್ಚೆ ಮುಗಿದಿಲ್ಲ. ಆ ಚರ್ಚೆ ಹಾಗಿರಲಿ, ಅವರ ಲೆಕ್ಕವಂತೂ ನಮ್ಮ ಕಣಗಳಿಗೆ ಸಲ್ಲಬೇಕಾದದ್ದು.

ಹೊಂಡದ ಲೆಕ್ಕ

ಕರ್ನಾಟಕ ಸರ್ಕಾರ 2014ರಲ್ಲಿ ಆರಂಭಿಸಿದ ಕೃಷಿ ಭಾಗ್ಯ ಯೋಜನೆಯಿಂದ ಒಣಭೂಮಿಯ ತಾಲ್ಲೂಕುಗಳಲ್ಲಿ ಕೃಷಿ ಹೊಂಡಗಳು ಸಾಮಾನ್ಯ ದೃಶ್ಯವಾದವು. ಮೇಲ್ಭಾಗ 21 ಮೀಟರ್ ಚೌಕ, ಆಳ 3 ಮೀಟರ್ ಇರುವ ಹೊಂಡವನ್ನು ತೆಗೆದುಕೊಳ್ಳಿ. ಎರೆಮಣ್ಣಿನಲ್ಲಿ ಗೋಡೆಯನ್ನು ನೆಟ್ಟಗೆ ಕಡಿದರೆ ಕುಸಿಯುತ್ತದೆ, ಆದ್ದರಿಂದ ಇಳಿಜಾರು ಕೊಡುತ್ತಾರೆ. ಒಂದು ಮೀಟರ್ ಇಳಿದರೆ ಒಂದು ಮೀಟರ್ ಒಳಕ್ಕೆ ಎಂದಿಟ್ಟುಕೊಂಡರೆ ತಳ 15 ಮೀಟರ್ ಚೌಕವಾಗುತ್ತದೆ.

ಉದ್ದ, ಅಗಲ, ಆಳ ಗುಣಿಸಿದರೆ 1,323 ಘನ ಮೀಟರ್. ಮೇಲಿನ ಮತ್ತು ತಳದ ವಿಸ್ತೀರ್ಣಗಳ ಸರಾಸರಿಯನ್ನು ಆಳದಿಂದ ಗುಣಿಸಿದರೆ 999. ಬದಿಗಳ ಸರಾಸರಿ 18 ಮೀಟರ್ ಹಿಡಿದು ಗುಣಿಸಿದರೆ 972. ನಿಜ ಎಷ್ಟು? ಲೀಲಾವತಿಯ ಖಾತ ವ್ಯವಹಾರ, ಅಂದರೆ ಅಗೆತದ ಲೆಕ್ಕ, ದಾರಿ ತೋರಿಸುತ್ತದೆ. ಮೇಲಿನ ವಿಸ್ತೀರ್ಣ, ತಳದ ವಿಸ್ತೀರ್ಣ, ಎರಡರ ಬದಿಗಳನ್ನು ಕೂಡಿಸಿ ಮಾಡಿದ ಆಕೃತಿಯ ವಿಸ್ತೀರ್ಣ, ಈ ಮೂರನ್ನೂ ಕೂಡಿಸಿ ಆರರಿಂದ ಭಾಗಿಸಿ, ಆಳದಿಂದ ಗುಣಿಸಿ:

(441 + 225 + 36×36) ÷ 6 × 3 = 1,962 ÷ 6 × 3 = 981 ಘನ ಮೀಟರ್.

ಅಂದರೆ 9 ಲಕ್ಷ 81 ಸಾವಿರ ಲೀಟರ್. ಚೌಕದ ಬದಲು ಆಯತದ ಹೊಂಡವಿದ್ದರೂ ಇದೇ ನಿಯಮ ಸರಿಯಾದ ಉತ್ತರ ಕೊಡುತ್ತದೆ. ಹೊಂಡವನ್ನು ಆಯತ ಘನವೆಂದು ತಿಳಿದವನು 342 ಘನ ಮೀಟರ್ ಇಲ್ಲದ ನೀರನ್ನು ಲೆಕ್ಕಕ್ಕೆ ಹಿಡಿದು ಬೆಳೆ ಯೋಜನೆ ಮಾಡುತ್ತಾನೆ. ಅಗೆತದ ಖರ್ಚನ್ನು ಘನ ಮೀಟರಿಗೆ ಇಷ್ಟು ಎಂದು ಕೊಡುವುದಾದರೆ ಅಗೆಯದ ಮಣ್ಣಿಗೂ ದುಡ್ಡು ಕೊಡುತ್ತಾನೆ. ತರಗತಿಯ ಒಂದು ಅಂಕದ ತಪ್ಪು ಹೊಲದಲ್ಲಿ ಸಾವಿರಾರು ರೂಪಾಯಿ.

ಹಾಳೆಯ ಲೆಕ್ಕವೂ ಹೀಗೆಯೇ. ಓರೆ ಗೋಡೆಯ ಉದ್ದ 4.24 ಮೀಟರ್. ನಾಲ್ಕು ತ್ರಾಪಿಜ್ಯಗಳು ಮತ್ತು ತಳ ಕೂಡಿ 530 ಚದರ ಮೀಟರಿನಷ್ಟು. ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ. ಆದರೆ ಹಾಳೆ ಚೌಕವಾಗಿ ಬರುತ್ತದೆ: 15 ಮೀಟರಿಗೆ ಎರಡು ಓರೆ ಗೋಡೆ ಕೂಡಿಸಿದರೆ ಬದಿ 23.5 ಮೀಟರ್, ವಿಸ್ತೀರ್ಣ 552. ದಂಡೆಯ ಮೇಲೆ ಸುತ್ತಲೂ ಒಂದು ಮೀಟರ್ ಮಣ್ಣಿನಲ್ಲಿ ಹೂಳಲು ಬಿಟ್ಟರೆ ಬದಿ 25.5 ಮೀಟರ್, ವಿಸ್ತೀರ್ಣ 650 ಚದರ ಮೀಟರ್. 530 ತಂದವನು ಮರುದಿನ ಮತ್ತೆ ಅಂಗಡಿಗೆ ಹೋಗಬೇಕು.

ನೀರು ಆವಿಯಾಗುವುದು ಯಾವ ಮೇಲ್ಮೈಯಿಂದ? ಗೋಡೆಯಿಂದಲ್ಲ, ತಳದಿಂದಲ್ಲ, ತೆರೆದ ಮುಖದಿಂದ ಮಾತ್ರ. ಬೇಸಿಗೆಯಲ್ಲಿ ದಿನಕ್ಕೆ 8 ಮಿಲಿಮೀಟರ್ ಎಂದು ಹಿಡಿದರೆ ತುಂಬಿದ ಹೊಂಡದಿಂದ ದಿನಕ್ಕೆ 3,500 ಲೀಟರಿಗೂ ಹೆಚ್ಚು ನೀರು ಗಾಳಿಗೆ ಹೋಗುತ್ತದೆ. ಅದೇ 981 ಘನ ಮೀಟರ್ ನೀರನ್ನು ಅದೇ ಇಳಿಜಾರಿನ, ಒಂದೂವರೆ ಮೀಟರ್ ಆಳದ ಹೊಂಡದಲ್ಲಿ ಹಿಡಿಯಬೇಕಾದರೆ ಮೇಲ್ಭಾಗ ಸುಮಾರು 27 ಮೀಟರ್ ಚೌಕವಾಗಬೇಕು. ತೆರೆದ ಮುಖ 441ರಿಂದ 732 ಚದರ ಮೀಟರಿಗೆ ಏರುತ್ತದೆ, ನಷ್ಟ ಶೇಕಡಾ 66 ಹೆಚ್ಚು. ಘನಫಲ ಒಂದೇ, ಮೇಲ್ಮೈ ಬೇರೆ. ಅಧ್ಯಾಯದ ಹೆಸರಿನಲ್ಲಿ ಈ ಎರಡೂ ಪದಗಳು ಏಕೆ ಜೊತೆಯಾಗಿವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ?

ಕೈಬಿಟ್ಟ ಪುಟಗಳು

2022ರಲ್ಲಿ ಪಠ್ಯದ ಹೊರೆ ಇಳಿಸುವಾಗ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ಈ ಅಧ್ಯಾಯದಿಂದ ಎರಡು ಭಾಗಗಳನ್ನು ಕೈಬಿಟ್ಟಿತು: ಒಂದು ಘನಾಕೃತಿಯನ್ನು ಇನ್ನೊಂದಾಗಿ ಪರಿವರ್ತಿಸುವುದು ಮತ್ತು ಶಂಕುವಿನ ಭಿನ್ನಕ. ಹೊರೆ ಇಳಿಸಬೇಕೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಇಳಿಸಿದ್ದು ಯಾವುದನ್ನು? ಬಕೆಟ್ಟು, ಬುಟ್ಟಿ, ಓರೆ ಗೋಡೆಯ ಹೊಂಡ ಎಲ್ಲವೂ ಭಿನ್ನಕದ ಬಂಧುಗಳು. ಬಾವಿ ತೋಡಿ ಮಣ್ಣು ಹರಡುವುದು, ಕಾಲುವೆಯ ನೀರು ಹೊಲಕ್ಕೆ ಹಾಯುವುದು ಪರಿವರ್ತನೆಯ ಲೆಕ್ಕಗಳು. ಬಣ್ಣದ ಆಟಿಕೆಗಳು ಉಳಿದವು, ಬಾವಿ ಮತ್ತು ಕಾಲುವೆ ಹೋದವು.

ಹೋದ ಲೆಕ್ಕಗಳೂ ದೋಷರಹಿತವಾಗಿರಲಿಲ್ಲ. ಬಾವಿಯ ಲೆಕ್ಕದಲ್ಲಿ 7 ಮೀಟರ್ ವ್ಯಾಸ, 20 ಮೀಟರ್ ಆಳ ತೋಡಿ, ಮಣ್ಣನ್ನು 22 ಮೀಟರ್ ಉದ್ದ 14 ಮೀಟರ್ ಅಗಲದ ಕಟ್ಟೆ ಮಾಡಿದರೆ ಎತ್ತರ 2.5 ಮೀಟರ್ ಎಂದು ಉತ್ತರ. ಆದರೆ ಅಗೆದ ಮಣ್ಣು ಸಡಿಲಾಗಿ ಉಬ್ಬುತ್ತದೆ ಎಂಬುದು ಗುದ್ದಲಿ ಹಿಡಿದವರಿಗೆಲ್ಲ ಗೊತ್ತು. ನಾಲ್ಕನೆಯ ಒಂದರಷ್ಟು ಉಬ್ಬಿದರೂ ಕಟ್ಟೆ 3.1 ಮೀಟರ್ ಏರುತ್ತದೆ. ಕಾಲುವೆಯ ಲೆಕ್ಕದಲ್ಲಿ 6 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಕಾಲುವೆಯಲ್ಲಿ ನೀರು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹರಿಯುತ್ತದೆ. ಅಂದರೆ ಸೆಕೆಂಡಿಗೆ 2.8 ಮೀಟರ್. ಮಣ್ಣಿನ ಕಾಲುವೆಯಲ್ಲಿ ಈ ವೇಗ ಬಂದರೆ ದಂಡೆ ಕೊಚ್ಚಿಹೋಗುತ್ತದೆ. ಇಂಡಿ ಶಾಖಾ ಕಾಲುವೆಯಂಥ ಕಾಲುವೆಗಳ ಅಡ್ಡಕೊಯ್ತ ಆಯತವಲ್ಲ, ತ್ರಾಪಿಜ್ಯ. ತಳ 6 ಮೀಟರ್ ಇಟ್ಟು, ಒಂದು ಮೀಟರ್ ಏರಿಗೆ ಒಂದೂವರೆ ಮೀಟರ್ ಹೊರಚಾಚುವ ದಂಡೆ ಕೊಟ್ಟರೆ ಅಡ್ಡಕೊಯ್ತದ ವಿಸ್ತೀರ್ಣ 9ರ ಬದಲು 12.375 ಚದರ ಮೀಟರ್. ನೀರಿನ ವೇಗ ಸೆಕೆಂಡಿಗೆ 1 ಮೀಟರ್ ಹಿಡಿದರೆ ಅರ್ಧ ಗಂಟೆಯಲ್ಲಿ 22,275 ಘನ ಮೀಟರ್ ನೀರು. 8 ಸೆಂಟಿಮೀಟರ್ ನಿಲ್ಲಿಸಿದರೆ ಸುಮಾರು 28 ಹೆಕ್ಟೇರ್ ನೆನೆಯುತ್ತದೆ. ಪುಸ್ತಕದ ಉತ್ತರ 56 ಹೆಕ್ಟೇರ್ ದಾಟಿತ್ತು. ತಿದ್ದಿ ಉಳಿಸಿಕೊಳ್ಳಬೇಕಾದ ಲೆಕ್ಕಗಳನ್ನು ಅಳಿಸಿದಂತಾಯಿತು.

ಹಗೇವು ಕಲಿಸುವ ಪಾಠ

ಗಾತ್ರ ಬೆಳೆದಂತೆ ಮೇಲ್ಮೈ ಮತ್ತು ಘನಫಲಗಳ ಅನುಪಾತ ಬದಲಾಗುತ್ತದೆ. ವಿಜ್ಞಾನದ ವಿದ್ಯಾರ್ಥಿಗೆ ಈ ಅಧ್ಯಾಯದಲ್ಲಿ ಅತಿ ಮುಖ್ಯವಾಗಬೇಕಾದ ಈ ವಿಚಾರಕ್ಕೆ ಪುಸ್ತಕದಲ್ಲಿ ಜಾಗವೇ ಸಿಕ್ಕಿಲ್ಲ. ನಮ್ಮ ಹಿರಿಯರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರು. ಬಾಯಿ ಕಿರಿದು, ಹೊಟ್ಟೆ ಅಗಲ. ಬಾಯಿ ಮುಚ್ಚಿದ ಮೇಲೆ ಕಾಳು, ಹುಳುಗಳ ಉಸಿರಾಟದಿಂದಲೇ ಒಳಗಿನ ಆಮ್ಲಜನಕ ಕಡಿಮೆಯಾಗಿ ಹುಳು ಸಾಯುತ್ತದೆ. ಹಗೇವು ತೆರೆದೊಡನೆ ಇಳಿಯಬಾರದು ಎಂಬ ಎಚ್ಚರಿಕೆಗೂ ಅದೇ ಕಾರಣ. ಕಾಳು ಕೆಡುವುದು ಮುಖ್ಯವಾಗಿ ಗೋಡೆಗೆ ತಾಗಿದ ಕಡೆ, ಮಣ್ಣಿನ ತೇವದಿಂದ.

ಹಗೇವನ್ನು ಗೋಳವೆಂದು ಭಾವಿಸಿ, ಗೋಡೆಯ ಪಕ್ಕದ 10 ಸೆಂಟಿಮೀಟರ್ ಪದರ ಕೆಟ್ಟಿತೆನ್ನಿ. ತ್ರಿಜ್ಯ 1 ಮೀಟರ್ ಇದ್ದರೆ ಉಳಿಯುವುದು 0.9ರ ಘನ, ಅಂದರೆ 0.729. ಹೋದದ್ದು ಶೇಕಡಾ 27. ತ್ರಿಜ್ಯ 2 ಮೀಟರ್ ಇದ್ದರೆ ಹೋದದ್ದು ಶೇಕಡಾ 14 ಮಾತ್ರ. ಪದರದ ದಪ್ಪ ಒಂದೇ ಆದರೂ ಗಾತ್ರ ದೊಡ್ಡದಾದರೆ ನಷ್ಟದ ಪಾಲು ಅರ್ಧ.

ಇದೇ ತತ್ತ್ವವನ್ನು 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಂಡಿಯ ಲಿಂಬೆಹಣ್ಣಿನಲ್ಲೂ ನೋಡಿ. 4 ಮತ್ತು 5 ಸೆಂಟಿಮೀಟರ್ ವ್ಯಾಸದ ಎರಡು ಹಣ್ಣು ಪಕ್ಕದಲ್ಲಿಟ್ಟರೆ ಕಣ್ಣಿಗೆ ಅಷ್ಟೇನೂ ವ್ಯತ್ಯಾಸ ಕಾಣದು. ಮೇಲ್ಮೈ 1.56 ಪಟ್ಟು, ಘನಫಲ 1.95 ಪಟ್ಟು. ಎಣಿಕೆಯ ಮೇಲೆ ಒಂದೇ ಬೆಲೆಗೆ ಸಿಕ್ಕರೆ ದೊಡ್ಡದು ಎರಡರ ಸಮ. ಸಣ್ಣ ಹಣ್ಣು ಬೇಗ ಒಣಗುವುದೇಕೆ ಎಂಬುದಕ್ಕೂ ಉತ್ತರದ ಒಂದು ಭಾಗ ಇಲ್ಲಿದೆ.

ಆಲಮಟ್ಟಿಯವರೆಗೆ

ಹೊಂಡದ ಲೆಕ್ಕ ಅರಿತವನಿಗೆ ಅಣೆಕಟ್ಟಿನ ಸುದ್ದಿಯೂ ಅರ್ಥವಾಗುತ್ತದೆ. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ನಿಡಗುಂದಿ ತಾಲ್ಲೂಕಿಗೆ ಸೇರಿದ ಆಲಮಟ್ಟಿಯ ಜಲಾಶಯ 519.60 ಮೀಟರ್ ಮಟ್ಟದಲ್ಲಿ 123.08 ಟಿಎಂಸಿ ನೀರು ಹಿಡಿಯುತ್ತದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2.83 ಕೋಟಿ ಘನ ಮೀಟರ್. ನಮ್ಮ 981 ಘನ ಮೀಟರಿನ ಹೊಂಡಗಳು 35 ಲಕ್ಷಕ್ಕೂ ಹೆಚ್ಚು ಸೇರಿದರೆ ಒಂದು ಆಲಮಟ್ಟಿ. ಮಟ್ಟವನ್ನು 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಒಪ್ಪಿತು. ಏರಿಕೆ ಐದು ಮೀಟರೂ ಇಲ್ಲ. ಆದರೂ ಮುಳುಗುವ ನೆಲ ಸುಮಾರು 75 ಸಾವಿರ ಎಕರೆ. ನಮ್ಮ ಹೊಂಡದ ಕೆಳಗಿನ ಒಂದು ಮೀಟರಿನಲ್ಲಿ 256 ಘನ ಮೀಟರ್ ಇದ್ದರೆ ಉಳಿದ 725 ಮೇಲಿನ ಎರಡು ಮೀಟರಿನಲ್ಲಿದೆ. ಓರೆ ದಂಡೆಯ ಯಾವ ಪಾತ್ರೆಯಲ್ಲೂ ಮೇಲಿನ ಮೀಟರುಗಳೇ ಹೆಚ್ಚು ನೀರು ಹಿಡಿಯುತ್ತವೆ, ಹೆಚ್ಚು ನೆಲವನ್ನೂ ಕೇಳುತ್ತವೆ. ಇದು ಊರು ಬಿಡಬೇಕಾದವರ, ನೀರು ಕಾಯುವವರ ಇಬ್ಬರ ಬದುಕಿನ ಲೆಕ್ಕ.

ಏನು ಮಾಡಬಹುದು?

"ಪರೀಕ್ಷೆಗೆ ಇವು ಬರುವುದಿಲ್ಲ, ಸಮಯವೂ ಇಲ್ಲ" ಎಂದು ಶಿಕ್ಷಕರು ಹೇಳಬಹುದು. ಆ ಮಾತಿನಲ್ಲಿ ಹುರುಳಿದೆ. ಅವರ ಮೇಲೆ ಹೊಸ ಹೊರೆ ಹೊರಿಸುವುದು ಈ ಲೇಖನದ ಉದ್ದೇಶವಲ್ಲ. ಇರುವ ಲೆಕ್ಕಗಳಿಗೇ ಒಂದೊಂದು ಪ್ರಶ್ನೆ ಸೇರಿಸಿದರೆ ಸಾಕು. ಘನಫಲ ಬಂದ ಮೇಲೆ, ಎಷ್ಟು ಚೀಲ, ಎಷ್ಟು ಕೊಡ? ಮೇಲ್ಮೈ ಬಂದ ಮೇಲೆ, ಹಾಳೆ ಯಾವ ಆಕಾರದಲ್ಲಿ ಸಿಗುತ್ತದೆ? ಆಕೃತಿ ಕೊಟ್ಟ ಮೇಲೆ, ಇದು ನಿಜಕ್ಕೂ ಹಾಗಿದೆಯೇ?

ಒಂದು ತರಗತಿಯನ್ನು ಮಾತ್ರ ಹೊರಗೆ ಕಳೆಯಿರಿ. ಹಗ್ಗ, ಅಳತೆಪಟ್ಟಿ, ಒಂದು ಕೋಲು ಸಾಕು. ಮರಳಿನ ಗುಡ್ಡೆಯ ಪರಿಧಿ, ಎತ್ತರ ಅಳೆದು ಅನುಪಾತ 1/9, 1/10, 1/11ರಲ್ಲಿ ಯಾವುದಕ್ಕೆ ಹತ್ತಿರ ನೋಡಿ. ಬಳಿಕ ಕಡಲೆ, ಜೋಳ, ಸಜ್ಜೆಗಳನ್ನು ತಟ್ಟೆಯ ಮೇಲೆ ಸುರಿದು ಅದನ್ನೇ ಮಾಡಿ. ಹತ್ತಿರದ ಹೊಂಡದ ಮೇಲಿನ ಬದಿ, ತಳದ ಬದಿ, ಆಳ ಬರೆದುಕೊಂಡು ಮೂರು ವಿಧದಲ್ಲಿ ಘನಫಲ ಕಂಡುಹಿಡಿಯಿರಿ. ನೀರು ತುಂಬಿದ ಹೊಂಡದ ಅಂಚಿಗೆ ಮಾತ್ರ ಮಕ್ಕಳನ್ನು ಬಿಡಬೇಡಿ, ಜಾರುವ ಹಾಳೆಯ ಮೇಲೆ ಹತ್ತಿ ಬರಲು ಆಗುವುದಿಲ್ಲ. ಬೇಸಿಗೆಯಲ್ಲಿ ಹೊಂಡ ಒಣಗಿದಾಗ ಶಿಕ್ಷಕರು ಜೊತೆಗಿದ್ದು ಅಳೆಯಿಸಲಿ.

12ನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದು ತನ್ನ ಗ್ರಂಥಕ್ಕೆ 'ವ್ಯವಹಾರಗಣಿತ' ಎಂದು ಹೆಸರಿಟ್ಟ. ಆ ಹೆಸರನ್ನು ನಮ್ಮ ಪಾಠಗಳು ಮರಳಿ ಗಳಿಸಬೇಕು. ಹೊಂಡದ ದಂಡೆಯಲ್ಲಿ ನಿಂತ ಹುಡುಗಿಯೊಬ್ಬಳು, "ಅಪ್ಪಾ, ಹಾಳಿ ಐನೂರಾ ಮೂವತ್ತು ಸಾಲೂದಿಲ್ಲ, ಆರನೂರಾ ಐವತ್ತು ತರಬೇಕು" ಎಂದು ಲೆಕ್ಕ ಸಮೇತ ಹೇಳಿದ ದಿನ ಈ ಅಧ್ಯಾಯ ನಿಜವಾಗಿ ಮುಗಿಯಿತೆಂದು ತಿಳಿಯಿರಿ.